ಸ್ಟಿಕರ್ ಬೆಲೆ ಮೇಲೆ 10,000 ಡಾಲರ್ ಕೇಳ್ತಿದ್ದಾರೆ, ಕೊಡಬೇಕಾ?

ಪ್ರಶ್ನೆ: ಅಟ್ಲಾಂಟಾದಲ್ಲಿದ್ದೇನೆ. ಟೊಯೊಟಾ ಜಿಆರ್ ಕೊರೊಲಾ ಕೇಳೋಣ ಅಂತ ಹೋದರೆ ಎಂಎಸ್‌ಆರ್‌ಪಿ (ಕಂಪನಿ ಸೂಚಿಸಿದ ಬೆಲೆ) ಮೇಲೆ 10,000 ಡಾಲರ್ "ಮಾರ್ಕೆಟ್ ಅಡ್ಜಸ್ಟ್‌ಮೆಂಟ್" ಅಂದರು. ನಮ್ಮೂರಲ್ಲಿ ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ತಗೊಂಡರೂ ದೂರು ಕೊಡಬಹುದು. ಇಲ್ಲಿ ಇದೆಲ್ಲ ಹೇಗೆ ನಡೆಯುತ್ತೆ? ಕೊಟ್ಟು ತಗೊಳ್ಳಲಾ, ಕಾಯಲಾ?

ಉತ್ತರ:

ಕೊಡಬೇಡಿ. ಸುಮ್ಮನೆ ಕಾಯುತ್ತಲೂ ಕೂರಬೇಡಿ. ಅಟ್ಲಾಂಟಾ ಬಿಟ್ಟು ಹೊರಗೆ ಹುಡುಕಿ. ನಾನಿರುವುದು ನಾರ್ತ್ ಕ್ಯಾರೊಲೈನಾದ ರಾಲಿಯಲ್ಲಿ. ಇದೇ ಕಾರನ್ನು ಸ್ಟಿಕರ್ ಬೆಲೆಗೇ ತಂದೆ, ಆದರೆ ತಂದಿದ್ದು ವರ್ಜೀನಿಯಾದ ಒಂದು ಸಣ್ಣ ಊರಿಂದ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಹೌದು, ಇದು ಕಾನೂನುಬದ್ಧ. ಹೊಸ ಕಾರಿನ ಕಿಟಕಿಗೆ ಅಂಟಿಸಿರುವ ಬೆಲೆ ಚೀಟಿ 1958ರ ಒಂದು ಕಾಯ್ದೆಯಿಂದ ಬಂದದ್ದು. ಅದನ್ನು ತಂದ ಒಕ್ಲಹೋಮಾದ ಸೆನೆಟರ್ ಹೆಸರಲ್ಲಿ ಈಗಲೂ ಅದಕ್ಕೆ ಮನ್ರೋನಿ ಸ್ಟಿಕರ್ ಅಂತಾರೆ. ಕಂಪನಿ ಸೂಚಿಸಿದ ಬೆಲೆಯನ್ನು ಗಿರಾಕಿಗೆ ತೋರಿಸಲೇಬೇಕು ಅನ್ನುತ್ತದೆ ಆ ಕಾಯ್ದೆ. ಅದೇ ಬೆಲೆಗೆ ಮಾರಬೇಕು ಅಂತ ಎಲ್ಲೂ ಹೇಳುವುದಿಲ್ಲ. ಹಾಗಾಗಿ ಡೀಲರ್ ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸಿ ತನಗೆ ತೋಚಿದ್ದು ಬರೆಯುತ್ತಾನೆ. ಟೊಯೊಟಾಕ್ಕೆ ಬೇಸರವಾದರೂ ಅದು ನಿಮಗೆ ನೇರವಾಗಿ ಮಾರುವ ಹಾಗಿಲ್ಲ, ರಾಜ್ಯಗಳ ಫ್ರಾಂಚೈಸ್ ಕಾನೂನುಗಳು ಡೀಲರ್‌ಗಳನ್ನು ಅಷ್ಟು ಭದ್ರವಾಗಿ ಕಾಯುತ್ತವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಅದೇ ಕಥೆ.

ಕಂಪನಿಗಳು ಏನೂ ಮಾಡೇ ಇಲ್ಲ ಅಂತಲ್ಲ, ಕಾರು ತಗೊಂಡು ತಕ್ಷಣ ಲಾಭಕ್ಕೆ ಮಾರುವವರನ್ನು ತಡೆಯಲು ನೋಡಿವೆ. 2022ರಲ್ಲಿ ಜಿಎಂ, ತನ್ನ ಹೊಸ ಸ್ಪೋರ್ಟ್ಸ್ ಕಾರು ಕಾರ್ವೆಟ್ ಝಡ್06 ತಗೊಂಡು ಒಂದು ವರ್ಷ ಮಾರದೆ ಇಟ್ಟುಕೊಂಡವರಿಗೆ 5,000 ಡಾಲರ್ ಬೆಲೆಯ ರಿವಾರ್ಡ್ ಪಾಯಿಂಟ್ ಕೊಡ್ತೀನಿ ಅಂದಿತು. ಫೋರ್ಡ್ ಜಿಟಿಯನ್ನು ಎರಡು ವರ್ಷ ಮಾರಬಾರದು ಅನ್ನೋ ಕರಾರಿತ್ತು. ಅದನ್ನು ಮುರಿದರು ಅಂತ ಕುಸ್ತಿಪಟು ಜಾನ್ ಸೀನಾ ಮೇಲೆ 2017ರಲ್ಲಿ ಫೋರ್ಡ್ ಕೇಸೇ ಹಾಕಿತು. ಪೋರ್ಷೆ ತನ್ನ 911 ಎಸ್/ಟಿಯನ್ನು ಅಮೆರಿಕದಲ್ಲಿ ಮೊದಲ ವರ್ಷ ಲೀಸಿಗೆ ಮಾತ್ರ ಕೊಟ್ಟಿತು. ಗಮನಿಸಿ, ಈ ಎಲ್ಲ ಹಗ್ಗವೂ ಬಿಗಿದಿರುವುದು ಕೊಳ್ಳುವವನ ಕಾಲಿಗೆ. ಡೀಲರ್ ಆರಾಮಾಗಿ ಓಡಾಡಿಕೊಂಡಿದ್ದಾನೆ.

ನಿಮ್ಮ ಕಾರಿಗೆ ಬರೋಣ. ಟೊಯೊಟಾದವರ ಹತ್ತಿರ ಬಣ್ಣ, ಸೀಟು ಆರಿಸಿ ಕಾರ್ಖಾನೆಗೆ ಆರ್ಡರ್ ಹಾಕಿ ತರಿಸಿಕೊಳ್ಳುವ ಪದ್ಧತಿ ಇಲ್ಲಿಲ್ಲ. ಡೀಲರ್ ಪಾಲಿಗೆ ಎಷ್ಟು ಬರುತ್ತೋ ಅಷ್ಟು, ಅದಕ್ಕೆ ಅಲೊಕೇಶನ್ ಅಂತಾರೆ. ಜಾಸ್ತಿ ಮಾರುವ ಅಂಗಡಿಗೆ ಜಾಸ್ತಿ, ಕಡಿಮೆ ಮಾರುವವನಿಗೆ ಒಂದೋ ಎರಡೋ. ನಗರದ ಅಂಗಡಿಗೆ ನಾಲ್ಕು ಬಂದರೂ ಕೇಳುವ ಸಾಫ್ಟ್‌ವೇರ್ ಹುಡುಗರು ನಲವತ್ತು ಜನ. ಅದೇ ಟಕೋಮಾ ಪಿಕಪ್ಪೇ ಮುಖ್ಯ ವ್ಯಾಪಾರವಾಗಿರುವ ಊರಲ್ಲಿ, ಕ್ಲಚ್ ತುಳಿದು ಓಡಿಸಬೇಕಾದ 300 ಕುದುರೆಶಕ್ತಿಯ ಮೂರು ಸಿಲಿಂಡರ್ ಹ್ಯಾಚ್‌ಬ್ಯಾಕ್ ಬಂದು ನಿಂತರೆ ಅದು ಅಂಗಳದಲ್ಲಿ ಜಾಗ ತಿನ್ನುವ ಸಾಮಾನು. ಸೇಲ್ಸ್‌ಮನ್‌ಗೂ ಸಾಗಿಸಿದರೆ ಸಾಕಾಗಿರುತ್ತದೆ. ಹೀಗಾಗಿ ಆ 10,000 ನೀವು ಕಾರಿಗೆ ಕೊಡೋ ದುಡ್ಡಲ್ಲ, ಸರದಿಯಲ್ಲಿ ಮುಂದೆ ನಿಲ್ಲೋದಕ್ಕೆ. ಸರದಿಯೇ ಇಲ್ಲದ ಕಡೆ ಹೋದರೆ ಚೌಕಾಸಿಯೂ ಬೇಕಾಗಲ್ಲ.

ಇದರ ಜತೆ ನಮ್ಮ ಕಡೆಯದೇ ಒಂದು ತಕರಾರಿದೆ. ಜಾರ್ಜಿಯಾ, ಫ್ಲೋರಿಡಾ, ಅಲಬಾಮಾ, ಎರಡೂ ಕ್ಯಾರೊಲೈನಾ, ಈ ಐದು ರಾಜ್ಯಗಳಿಗೆ ಟೊಯೊಟಾ ಕಾರುಗಳು ಸೌತ್‌ಈಸ್ಟ್ ಟೊಯೊಟಾ ಅನ್ನೋ ಖಾಸಗಿ ವಿತರಕರ ಕೈ ದಾಟಿ ಬರುತ್ತವೆ. ಡೀಲರ್ ಮುಟ್ಟುವ ಮೊದಲೇ ಅವರು ತಮ್ಮ ಆಕ್ಸೆಸರಿಗಳನ್ನು ಜೋಡಿಸಿ ಬೆಲೆ ಸೇರಿಸಿರುತ್ತಾರೆ. ನಾನು ವರ್ಜೀನಿಯಾಕ್ಕೆ ಹೋಗಿದ್ದಕ್ಕೆ ಇದೂ ಒಂದು ಕಾರಣ. ನಿಮಗೆ ಟೆನೆಸಿ ಹತ್ತಿರ, ಚಟ್ಟನೂಗಾ ದಾಟಿ ಆಚೆಯ ಊರುಗಳಿಂದ ಶುರು ಮಾಡಿ. ತೆರಿಗೆ ಹೇಗೂ ನೀವು ನೋಂದಣಿ ಮಾಡಿಸುವ ರಾಜ್ಯದ್ದೇ.

ಅಂದಹಾಗೆ 10,000 ಅನ್ನೋ ಅಂಕಿಯೇ ಹಳಸಿದ್ದು. 2023ರ ಮಾದರಿಯಾಗಿ ಈ ಕಾರು ಇಲ್ಲಿಗೆ ಬಂದಾಗ ನಿಜಕ್ಕೂ ಬರ ಇತ್ತು. ಜಪಾನಿನ ಮೊಟೊಮಾಚಿಯಲ್ಲಿ ಕನ್ವೇಯರ್ ಪಟ್ಟಿಯ ಮೇಲಲ್ಲ, ಸೆಲ್ ಅನ್ನೋ ಬೇರೆ ಬೇರೆ ಸಣ್ಣ ಘಟಕಗಳಲ್ಲಿ ನಿಧಾನವಾಗಿ ಕಟ್ಟುತ್ತಿದ್ದರು. ಹಿಂದಿನ ಸೀಟೇ ಇಲ್ಲದ ಮೊರಿಝೊ ಎಡಿಷನ್ ಇಡೀ ಅಮೆರಿಕಕ್ಕೆ ಬಂದಿದ್ದು 200. ಅಂಥದ್ದಕ್ಕೆ ಜನ ಬಾಯಿಗೆ ಬಂದಷ್ಟು ಕೇಳಿದರು, ಇನ್ಯಾರೋ ಕೊಟ್ಟರು. ಈಗ ಹಾಗಿಲ್ಲ. 2025ರ ಮಾದರಿಗೆ ಆಟೊಮ್ಯಾಟಿಕ್ ಗೇರೂ ಬಂತು. ಇಂಗ್ಲೆಂಡಿನ ಬರ್ನಾಸ್ಟನ್ ಕಾರ್ಖಾನೆಯಲ್ಲೂ 2026ರಿಂದ ಉತ್ತರ ಅಮೆರಿಕಕ್ಕಾಗಿ ಕಟ್ಟುತ್ತೇವೆ ಅಂತ ಟೊಯೊಟಾ ಹೇಳಿದೆ. ನಿಮ್ಮ ಡೀಲರ್‌ಗೆ ಆಗಿನ ರುಚಿ ಇನ್ನೂ ನಾಲಿಗೆ ಮೇಲಿದೆ ಅಷ್ಟೆ.

ಈಗ ಹುಷಾರಾಗಿರಬೇಕಾದ ಜಾಗ. ರಾಲಿಯ ಸುತ್ತಮುತ್ತ ವಿಚಾರಿಸುತ್ತಿದ್ದಾಗ ಒಂದು ಅಂಗಡಿಯವರು ಫೋನಲ್ಲಿ "ನಮ್ಮಲ್ಲಿ ಮಾರ್ಕಪ್ ಇಲ್ಲ ಸರ್, ಸ್ಟಿಕರ್ ಬೆಲೆ ಅಷ್ಟೇ" ಅಂದರು. ಬೈಯರ್ಸ್ ಆರ್ಡರ್, ಅಂದರೆ ಬೆಲೆಯ ಪೂರ್ತಿ ವಿವರ ಇರುವ ಕಾಗದ, ಕಳಿಸಿ ಅಂದೆ. ಬಂತು ನೋಡಿ! ಬಣ್ಣದ ಮೇಲೆ ಲೇಪನ, ಟೈರಿಗೆ ನೈಟ್ರೋಜನ್, ಗಾಜಿನ ಮೇಲೆ ವಿನ್ ನಂಬರ್ (ಪ್ರತಿ ಕಾರಿನ ಗುರುತಿನ ಸಂಖ್ಯೆ) ಕೊರೆದಿದ್ದಕ್ಕೆ ದುಡ್ಡು, ಕಳ್ಳರಿಂದ ರಕ್ಷಣೆಯ ಪ್ಯಾಕೇಜು, ಕೊನೆಗೆ ಕಾಗದಪತ್ರಕ್ಕೆ ಅಂತ ಡಾಕ್ ಫೀ. ಎಲ್ಲ ಕೂಡಿಸಿದರೆ ಪಕ್ಕದ ಅಂಗಡಿಯ ಮಾರ್ಕಪ್‌ಗೆ ಹೆಚ್ಚು ದೂರವಿರಲಿಲ್ಲ. ನೈಟ್ರೋಜನ್ ಬೇಡ, ತೆಗೆದುಬಿಡಿ ಅಂದೆ. ಆಗಲೇ ತುಂಬಿಸಿಬಿಟ್ಟಿದ್ದೇವೆ ಅಂದರು. ನಾವು ಉಸಿರಾಡೋ ಗಾಳಿಯಲ್ಲೇ ಮುಕ್ಕಾಲು ಪಾಲಿಗಿಂತ ಹೆಚ್ಚು ನೈಟ್ರೋಜನ್ ಇದೆ, ಅದನ್ನು ಅವರಿಗೆ ಹೇಳಿ ಪ್ರಯೋಜನವಿಲ್ಲ. ನನ್ನನ್ನು ಕೇಳಿದರೆ ಚೀಟಿ ಮೇಲೆ ರಾಜಾರೋಷವಾಗಿ 10,000 ಅಂತ ಬರೆದವನೇ ವಾಸಿ, ನಮ್ಮ ಟೈಮಾದರೂ ಉಳಿಯುತ್ತೆ. ಇಂಥ ಬೇಡದ ಸೇರ್ಪಡೆಗಳಿಗೆ ಕಡಿವಾಣ ಹಾಕಲು ಫೆಡರಲ್ ಟ್ರೇಡ್ ಕಮಿಷನ್ 2023ರ ಡಿಸೆಂಬರಿನಲ್ಲಿ ನಿಯಮ ತಂದಿತ್ತು. ಜಾರಿಗೆ ಬರುವ ಮೊದಲೇ, 2025ರ ಜನವರಿಯಲ್ಲಿ, ಮೇಲ್ಮನವಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು.

ಹಾಗಾಗಿ ಯಾರ ಹತ್ತಿರವೂ "ಮಾರ್ಕಪ್ ಇದೆಯಾ" ಅಂತ ಕೇಳಬೇಡಿ. ಔಟ್ ದ ಡೋರ್ ಬೆಲೆ, ಅಂದರೆ ತೆರಿಗೆ, ಫೀ ಎಲ್ಲ ಸೇರಿ, ಎಷ್ಟು, ಅದರಲ್ಲಿ ಯಾವುದಕ್ಕೆ ಎಷ್ಟು ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ. ಸಾಲವನ್ನೂ ಮೊದಲೇ ಯಾವುದಾದರೂ ಕ್ರೆಡಿಟ್ ಯೂನಿಯನ್‌ನಲ್ಲಿ (ನಮ್ಮ ಸಹಕಾರಿ ಬ್ಯಾಂಕಿನ ತರಹದ್ದು) ಮಂಜೂರು ಮಾಡಿಸಿಕೊಂಡು ಹೋಗಿ. ಬ್ಯಾಂಕ್ ಕೊಡುವ ಬಡ್ಡಿ ದರದ ಮೇಲೆ ಡೀಲರ್ ತನ್ನದೊಂದಿಷ್ಟು ಸೇರಿಸಬಹುದು, ಬೆಲೆಯಲ್ಲಿ ಬಿಟ್ಟಿದ್ದನ್ನು ಅಲ್ಲಿ ವಸೂಲಿ ಮಾಡುತ್ತಾರೆ. ಅಡ್ವಾನ್ಸ್ ಕೊಡುವುದಾದರೆ ವಾಪಸ್ ಸಿಗುತ್ತೆ ಅನ್ನೋದು ಕಾಗದದ ಮೇಲೆ ಇರಲಿ, ಅದರಲ್ಲಿ ಆ ಕಾರಿನ ವಿನ್ ನಂಬರೂ ಇರಲಿ.

"ದುಡ್ಡಿದೆ, ಕೊಟ್ಟು ಮುಗಿಸ್ತೀನಿ" ಅನ್ನೋದಾದರೆ ಇಷ್ಟು ನೋಡಿ. ಜಾರ್ಜಿಯಾದ ಕಾರು ನಿಮ್ಮ ಹೆಸರಿಗೆ ಮಾಡಿಸುವಾಗ ಕಟ್ಟುವ ಶೇಕಡಾ 7ರ ಟೈಟಲ್ ತೆರಿಗೆ ಮಾರ್ಕಪ್ ಮೇಲೂ ಬೀಳುತ್ತೆ, ಅಂದರೆ ಇನ್ನೊಂದು 700. ನಾಳೆ ಅಪಘಾತದಲ್ಲಿ ಕಾರು ಪೂರ್ತಿ ಹೋದರೆ ವಿಮೆಯವರು ಕೊಡುವುದು ಆವತ್ತಿನ ಮಾರುಕಟ್ಟೆ ಬೆಲೆ, ನೀವು ಕೊಟ್ಟ ಹೆಚ್ಚಿಗೆ ದುಡ್ಡು ಅವರ ಲೆಕ್ಕದಲ್ಲೇ ಇಲ್ಲ. ಪೋರ್ಷೆ 911 ಜಿಟಿ3 ತರಹದ ಕಾರಾದರೆ ಮಾತು ಬೇರೆ, ಸೆಕೆಂಡ್ ಹ್ಯಾಂಡ್ ಬೆಲೆಯೇ ಸ್ಟಿಕರ್ ಮೇಲಿರುವುದರಿಂದ ಮಾರ್ಕಪ್ ಕೊಟ್ಟವರಿಗೂ ಒಂದು ಲೆಕ್ಕ ಸಿಗುತ್ತೆ. ಅಲ್ಲಿ ಕಾಟವೂ ಬೇರೆ ತರಹದ್ದು: ಹಳೇ ಗಿರಾಕಿಗೇ ಮೊದಲ ಮಣೆ. ನಮ್ಮ ಕನ್ನಡ ಕೂಟದ ಒಬ್ಬರು ಆ ಆಸೆಗೇ ಬೇಕಿಲ್ಲದ ಪೋರ್ಷೆ ಮಕಾನ್ ಎಸ್‌ಯುವಿ ಒಂದನ್ನು ತಗೊಂಡು, ಇನ್ನೂ ಫೋನ್ ಬರುತ್ತೆ ಅಂತ ಕಾಯ್ತಿದ್ದಾರೆ.

ಎಂಆರ್‌ಪಿ ವಿಷಯ: ನಮ್ಮೂರಲ್ಲೂ ಆ ನಿಯಮ ಪ್ಯಾಕೆಟ್ ಸಾಮಾನಿಗೆ, ಕಾರಿಗಲ್ಲ. ಅಲ್ಲಿ ಡೀಲರ್‌ಗಿಂತ ಮೊದಲು ಕಸ್ಟಮ್ಸೇ ಮಾರ್ಕಪ್ ಹಾಕಿಬಿಡುತ್ತೆ. 2025ರಲ್ಲಿ ಆಮದಾಗಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಎಕ್ಸ್ ಶೋರೂಮ್ ಬೆಲೆಯೇ ಆಗ 53 ಲಕ್ಷ ಇತ್ತು, ಮೊದಲ ಕಂತಿನಲ್ಲಿ ಬಂದಿದ್ದು ಬರೀ 150.

ಕೊನೆಗೆ, ಈ ಅಟ್ಲಾಂಟಾದವರನ್ನು ಪೂರ್ತಿ ಬಿಡಬೇಡಿ. ಅಂಗಳದಲ್ಲಿ ನಿಂತ ಕಾರುಗಳನ್ನು ಡೀಲರ್‌ಗಳು ಸಾಮಾನ್ಯವಾಗಿ ಸಾಲದಲ್ಲೇ ತಂದಿರುತ್ತಾರೆ, ದಿನ ಕಳೆದಂತೆ ಬಡ್ಡಿ ಏರುತ್ತದೆ. ಅವರ ವೆಬ್‌ಸೈಟಿನಲ್ಲಿ ಅದೇ ವಿನ್ ನಂಬರ್ ಎರಡು ತಿಂಗಳಾದರೂ ಕಾಣುತ್ತಿದ್ದರೆ, ತಿಂಗಳ ಕೊನೆಯ ವಾರ ಟೆನೆಸಿಯವರು ಕೊಟ್ಟ ಔಟ್ ದ ಡೋರ್ ಬೆಲೆಯನ್ನು ಅವರ ಸೇಲ್ಸ್ ಮ್ಯಾನೇಜರ್‌ಗೆ ಕಳಿಸಿ, ಇಷ್ಟಕ್ಕೆ ಕೊಡ್ತೀರಾ ಅಂತ ಒಂದೇ ಸಾಲು ಬರೆಯಿರಿ.