ರಾಮಕೃಷ್ಣ ಹೆಗಡೆ ಸ್ಮರಣೆಯಲ್ಲಿ ಫೋನ್ ಕದ್ದಾಲಿಕೆ ಹೇಳಬೇಕಾ?
ಮಾಜಿ ಮುಖ್ಯಮಂತ್ರಿ ಹೆಗಡೆಯವರ ಸ್ಮರಣೆಗೆ ಶಿರಸಿ ಸಭೆಯಲ್ಲಿ ಮಾಡಬೇಕಾದ ಭಾಷಣ ಬರೆಯುತ್ತಾ ಫೋನ್ ಕದ್ದಾಲಿಕೆ ಹತ್ತಿರ ಬಂದು ನಿಂತಿದ್ದೀನಿ, ಅದನ್ನು ಹೇಳಬೇಕಾ ಅಂದ್ರಲ್ಲ, ನಿಲ್ಲೋಕೆ ಕಾರಣ ಇಷ್ಟೇ: ಒಳ್ಳೆಯದು ಕೆಟ್ಟದ್ದು ಕೂಡಿಸಿ ಕಳೆದು ಅವರಿಗೆ ಒಂದೇ ಮಾರ್ಕು ಕೊಡಲು ಹೊರಟಿದ್ದೀರಿ. ಆ ಲೆಕ್ಕ ಬಿಡಿ.

ಮೊದಲು ಕೆಲಸ ಹೇಳಿ, ಹೊಗಳಿಕೆ ಬೇಡ. ಅವರ ಸರ್ಕಾರ ತಂದ 1983ರ ಪಂಚಾಯತ್ ಕಾಯ್ದೆ, ಅದರಡಿ 1987ರ ಚುನಾವಣೆ, ಹೆಂಗಸರಿಗೆ ಶೇ 25 ಸೀಟು ಮೀಸಲು. ಅಡುಗೆಮನೆಯಿಂದ ಎದ್ದು ಬಂದ ಹಳ್ಳಿ ಹೆಂಗಸರು ಮಂಡಲ ಪಂಚಾಯತಿಯ (ಕೆಲವು ಹಳ್ಳಿಗಳಿಗೆ ಸೇರಿ ಒಂದು ಪಂಚಾಯತಿ) ಕುರ್ಚಿಯಲ್ಲಿ ಕೂತಿದ್ದು ಸಣ್ಣ ಮಾತಲ್ಲ. ಸಿದ್ದಾಪುರದ ಮಣ್ಣಿನವರು ಅನ್ನೋದಕ್ಕಿಂತ ಇದಕ್ಕೇ ಜಾಸ್ತಿ ಹೊತ್ತು ಕೊಡಿ.

ಆಮೇಲೆ 1988. ಎರಡೇ ವಾಕ್ಯ: ಅವರ ಸರ್ಕಾರದ ಮೇಲೆ ಫೋನ್ ಕದ್ದಾಲಿಕೆಯ ಆರೋಪ ಬಂತು. ಮುಖ್ಯಮಂತ್ರಿ ಕುರ್ಚಿ ಬಿಟ್ಟರು. 'ಏನೇ ಇರಲಿ' ಅಂತ ತೇಪೆ ಹಾಕಬೇಡಿ. ಖಾಸಗಿ ಬದುಕಿನ ಗಾಳಿಮಾತು ಸುಮ್ನೆ ಬೇಡ. ಆದ್ರೆ ಕದ್ದಾಲಿಕೆ ಅಧಿಕಾರದ ವಿಷಯ, ಬಿಡಲಾಗದು.

ಅಭಿಮಾನಿಗಳು ಹೇಗೆ ತಗೊಳ್ತಾರೋ, ಖಾತ್ರಿ ಇಲ್ಲ. ಸಂಘಟಕರಿಗೆ ಆ ಎರಡು ವಾಕ್ಯ ಮೊದಲೇ ತೋರಿಸಿಬಿಡಿ.