ಭುಜ ಜಾರಿದ್ದನ್ನು ಮುಚ್ಚಿಟ್ಟು ಟ್ರಯಲ್ ಆಡಬೇಡ

ತಮ್ಮಾ, ನಿನಗೆ 17, ರಗ್ಬಿ ಲೀಗ್‌ನಲ್ಲಿ ಸೆಕೆಂಡ್ ರೋ ಅನ್ನೋ ಫಾರ್ವರ್ಡ್ ಜಾಗದಲ್ಲಿ ಆಡ್ತೀಯ. ಡಿಸೆಂಬರ್ ಟ್ರೈನಿಂಗ್‌ನಲ್ಲಿ ಬಲ ಭುಜ ಜಾರಿ ತಾನೇ ಕೂತುಕೊಂಡಿದೆ, ಜನವರಿಗೆ ಎಸ್‌ಜಿ ಬಾಲ್ ಅನ್ನೋ ಯುವಕರ ಪಂದ್ಯಾವಳಿಗೆ ಟ್ರಯಲ್, ಅಂದರೆ ಆಯ್ಕೆ ಪಂದ್ಯ ಇದೆ. ಹೇಳಿದರೆ ತಂಡದಿಂದ ತೆಗೀತಾರೆ ಅಂತ ಭಯ. ಇದೆಲ್ಲ ಬಿಟ್ಟು ಅಪ್ಪ ಅಮ್ಮ ಹೇಳಿದಂತೆ ಓದಿಕೊಂಡಿರಲಾ ಅಂತಲೂ ಕೇಳಿದ್ದೀಯ. ನಾನೂ ಅದೇ ವಯಸ್ಸಿನಲ್ಲಿ, ಸಿಡ್ನಿಯ ಅದೇ ಪಶ್ಚಿಮದ ಬಡಾವಣೆಗಳಲ್ಲಿ, ಅದೇ ಜಾಗದಲ್ಲಿ ಆಡ್ತಿದ್ದೆ. ಜಾರಿದ್ದೂ ಬಲ ಭುಜವೇ. ನಾನು ಯಾರಿಗೂ ಹೇಳಲಿಲ್ಲ.

ಕುಸ್ತಿ ಡ್ರಿಲ್ ನಡೀತಿತ್ತು. ಕೈ ತಲೆಗಿಂತ ಮೇಲೆ, ಹಿಂದಕ್ಕೆ ಹೋಯಿತು, ಒಳಗೆ ಏನೋ ಕಳಚಿ ಮತ್ತೆ ಕೂತಂತಾಯಿತು. ಸ್ವಲ್ಪ ಹೊತ್ತು ಕೈ ಜೋಮು ಹಿಡಿದಿತ್ತು, ಆಮೇಲೆ ಸರಿಹೋಯಿತು. ಕೆಮಿಸ್ಟ್ ಅಂಗಡಿಯಿಂದ 38 ಮಿಲಿಮೀಟರ್ ಅಗಲದ ಗಟ್ಟಿ ಟೇಪ್ ತಂದು ಪ್ರತಿ ಟ್ರೈನಿಂಗ್‌ಗೆ ಮುಂಚೆ ಬಚ್ಚಲುಮನೆಯಲ್ಲಿ ನಾನೇ ಸುತ್ತಿಕೊಳ್ತಿದ್ದೆ. ಟೇಪ್ ಭುಜವನ್ನು ಹಿಡಿದಿಡುತ್ತೆ ಅಂತ ನಂಬಿದ್ದೆ. ಅದು ಚರ್ಮಕ್ಕೆ ಅಂಟಿರುತ್ತೆ, ಕೀಲಿಗಲ್ಲ. ಬೆವರು ಹರಿದು ಅರ್ಧ ಗಂಟೆಯೊಳಗೆ ಸಡಿಲವಾಗುತ್ತೆ. ಕೈ ಜಾಸ್ತಿ ಎತ್ತಬೇಡ ಅಂತ ನೆನಪಿಸುತ್ತೆ, ಅಷ್ಟೇ.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದು. ನನ್ನನ್ನು ಕೆಡಿಸಿದ್ದು ಭುಜದ ಗಾಯಕ್ಕಿಂತ ಅದನ್ನು ಮುಚ್ಚಿಟ್ಟದ್ದು.

ಟ್ಯಾಕಲ್ ಅಂದರೆ ಚೆಂಡು ಹಿಡಿದು ಓಡಿ ಬರುವವನನ್ನು ಹಿಡಿದು ಬೀಳಿಸೋದು. ಅವನು ನಿನ್ನ ಬಲಕ್ಕೆ ತಿರುಗಿದ ಅಂದುಕೋ. ನಿನ್ನ ಬಲಗಾಲು ಅವನ ಪಾದದ ಹತ್ತಿರ ಊರಬೇಕು, ಬಲ ಭುಜ ಅವನ ಸೊಂಟದ ಕೆಳಗೆ ತಾಗಬೇಕು, ತಲೆ ಅವನ ಬೆನ್ನ ಹಿಂದೆ ಉಳಿಯಬೇಕು. ಕೆನ್ನೆ ಅವನ ಪೃಷ್ಠಕ್ಕೆ ಒತ್ತಿರಬೇಕು. ಎರಡೂ ತೋಳು ಸುತ್ತಿ ಬಿಗಿ ಹಿಡಿದು ಕಾಲಿಂದ ತಳ್ಳುತ್ತಾ ಹೋದರೆ ಅವನ ಭಾರವೇ ಅವನನ್ನು ಬೀಳಿಸುತ್ತೆ. ಕಬಡ್ಡಿಯಲ್ಲಿ ತೊಡೆ ಹಿಡಿಯೋದು ನೋಡಿದ್ದೀಯಲ್ಲ, ಅದಕ್ಕೆ ಹತ್ತಿರ. ಇಲ್ಲಿ ಮಾತ್ರ ನೂರು ಕೆಜಿ ಆಸಾಮಿ ಹತ್ತು ಮೀಟರ್ ಓಡಿಕೊಂಡು ಬಂದಿರ್ತಾನೆ.

ಬಲ ಭುಜಕ್ಕೆ ಪೆಟ್ಟು ಬೀಳಬಾರದು ಅಂತ ನನ್ನ ದೇಹ ತಾನೇ ಒಂದು ದಾರಿ ಹುಡುಕಿತು. ಬಲಕ್ಕೆ ಬಂದವನನ್ನೂ ಅಡ್ಡ ಹೆಜ್ಜೆ ಹಾಕಿ ಎಡ ಭುಜದಿಂದಲೇ ಹಿಡಿಯೋಕೆ ಶುರುಮಾಡಿದೆ. ಹಾಗೆ ಮಾಡಿದಾಗ ತಲೆ ಅವನ ಹಿಂದೆ ಹೋಗಲ್ಲ, ಮುಂದೆ ಹೋಗುತ್ತೆ. ಅವನ ಮಂಡಿ, ಸೊಂಟದ ಮೂಳೆ ಬರೋ ದಾರಿಗೆ ನೇರವಾಗಿ. ಬೇಕು ಅಂತ ಮಾಡಿದ್ದಲ್ಲ. ಹಾಗೆ ಮಾಡ್ತಿದ್ದೀನಿ ಅನ್ನೋದೇ ಗೊತ್ತಿರಲಿಲ್ಲ. ನೋವನ್ನು ತಪ್ಪಿಸೋ ಅಭ್ಯಾಸ ಮೂರು ವಾರದಲ್ಲಿ ಮೈಗೆ ಹತ್ತಿತ್ತು.

ಟ್ರಯಲ್‌ನ ದ್ವಿತೀಯಾರ್ಧದಲ್ಲಿ ಅವರ ಪ್ರಾಪ್ ಒಬ್ಬನ, ಅಂದರೆ ಮುಂದಿನ ಸಾಲಿನ ಭಾರೀ ಆಟಗಾರನ ಸೊಂಟ ನನ್ನ ಕಪಾಳಕ್ಕೆ ಬಡಿಯಿತು. ಪ್ರಜ್ಞೆ ತಪ್ಪಿ ಬಿದ್ದಿದ್ದು ಅದೇ ಬಲಗೈ ಮೇಲೆ. ಈ ಸಲ ಭುಜ ಪೂರ್ತಿ ಕಳಚಿತು, ತಾನಾಗಿ ಕೂರಲಿಲ್ಲ. ಎಂಆರ್‌ಐನಲ್ಲಿ ಲೇಬ್ರಮ್ ಹರಿದದ್ದರ ಜೊತೆಗೆ ಕೀಲಿನ ಬಟ್ಟಲಿನ ಮುಂದಿನ ಮೂಳೆಯಂಚು ಮುರಿದದ್ದೂ ಕಂಡಿತು. ಲೇಬ್ರಮ್ ಅಂದರೆ ಆ ಬಟ್ಟಲಿನ ಸುತ್ತ ಇರೋ ಮೃದ್ವಸ್ಥಿಯ ಅಂಚು. ಅದೊಂದೇ ಹರಿದಿದ್ದರೆ ಹೊಲಿದು ಕೂರಿಸ್ತಾರೆ. ಮೂಳೆ ಹೋದರೆ ಬೇರೆ ಕಡೆಯಿಂದ ಮೂಳೆ ತಂದು ಕೂರಿಸೋ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗಬಹುದು, ನನಗೆ ಆದದ್ದು ಅದು.

ಆದರೂ ಆಟ ಮುಗಿಸಿದ್ದು ಆ ಶಸ್ತ್ರಚಿಕಿತ್ಸೆಯಲ್ಲ. ಆಯ್ಕೆ ಮಾಡುವವರು ವಿಡಿಯೋ ನೋಡ್ತಾರೆ. ಅವರಿಗೆ ಕಂಡದ್ದು ಬಲಗಡೆ ಟ್ಯಾಕಲ್ ಬಾರದ, ತಲೆ ತಪ್ಪು ಕಡೆ ಇಡೋ ಹುಡುಗ. ಕಾರಣ ನನಗೆ ಮಾತ್ರ ಗೊತ್ತಿತ್ತು. ಗಾಯ ಅಂತ ಬರೆಸಿದ್ದರೆ ವೈದ್ಯರ ಫೈಲಿನಲ್ಲಿ ಒಂದು ಸಾಲು ಇರುತ್ತಿತ್ತು, ಗುಣವಾಗೋ ತನಕ ಕಾಯುತ್ತಿದ್ದರು. ಬರೆಸದೇ ಇದ್ದದ್ದರಿಂದ ಅದು ನನ್ನ ಆಟದ ದೋಷ ಆಯಿತು. ಭುಜ ನೋವಿನ ಹುಡುಗನಿಗೆ ಕಾಯುವ ಕ್ಲಬ್ ಟ್ಯಾಕಲ್ ಬಾರದ ಹುಡುಗನಿಗೆ ಕಾಯಲ್ಲ.

ರೂಸ್ಟರ್ಸ್ ತಂಡದ ಕೂಪರ್ ಕ್ರಾಂಕ್ ಹೆಗಲ ಮೂಳೆ ಮುರಿದುಕೊಂಡು ದೇಶದ ಅತಿ ದೊಡ್ಡ ಲೀಗ್ ಎನ್‌ಆರ್‌ಎಲ್‌ನ 2018ರ ಗ್ರ್ಯಾಂಡ್ ಫೈನಲ್ ಆಡಿದ ಅಂತ ನಿನ್ನ ತಂಡದ ಹುಡುಗರು ಹೇಳಿರ್ತಾರೆ. ನಮಗೂ ಇಂಥ ಕಥೆಗಳನ್ನೇ ಹೇಳ್ತಿದ್ದರು. ರೂಸ್ಟರ್ಸ್ 21-6ರಿಂದ ಗೆದ್ದದ್ದು ನಿಜ. ಅವನ ಮುರಿತ ತಂಡದ ವೈದ್ಯರಿಗೂ ಕೋಚ್‌ಗೂ ಗೊತ್ತಿತ್ತು, ಅದಕ್ಕೆ ತಕ್ಕಂತೆ ತಂಡದ ಆಟವನ್ನೇ ಹೊಂದಿಸಿದ್ದರು. ಜೊನಾಥನ್ ಥರ್ಸ್ಟನ್ 2017ರ ಎರಡನೇ ಒರಿಜಿನ್ ಪಂದ್ಯದಲ್ಲಿ (ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ ಸರಣಿ) ಹಾಳಾದ ಭುಜ ಇಟ್ಟುಕೊಂಡೇ ಕೊನೆಯಲ್ಲಿ ಒದ್ದು ಕ್ವೀನ್ಸ್‌ಲ್ಯಾಂಡ್‌ಗೆ 18-16ರ ಗೆಲುವು ತಂದ. ಆಮೇಲೆ ಶಸ್ತ್ರಚಿಕಿತ್ಸೆ ಆಯಿತು, ಆ ವರ್ಷ ಮತ್ತೆ ಅಂಗಳಕ್ಕೆ ಇಳಿಯಲಿಲ್ಲ. ಆಗ ಇಬ್ಬರಿಗೂ 34 ವಯಸ್ಸು, ಹೆಸರು ಗಳಿಸಿ ಆಗಿತ್ತು. ಒಂದು ಪಂದ್ಯಕ್ಕಾಗಿ ಭುಜವನ್ನು ಪಣಕ್ಕಿಡುವ ಲೆಕ್ಕ ಅವರದ್ದು. ನಿನ್ನ ಮುಂದೆ ಇರೋದು ಒಂದು ಟ್ರಯಲ್.

ಈಗ ನೀನು ಮಾಡಬೇಕಾದ್ದು. ಮೊದಲು ಫಿಸಿಯೋ ಹತ್ತಿರ ಹೋಗು, ಕೋಚ್‌ಗೆ ಅವರೇ ಹೇಳಲಿ. "ನೋವಿದೆ" ಅನ್ನಬೇಡ, "ಜಾರಿ ಕೂತುಕೊಂಡಿತು" ಅನ್ನು. ಎರಡಕ್ಕೂ ಬೇರೆ ಬೇರೆ ಪರೀಕ್ಷೆ. ನಿನ್ನನ್ನು ಮಲಗಿಸಿ, ಕೈಯನ್ನು ಪಕ್ಕಕ್ಕೆ ಚಾಚಿಸಿ, ಮೊಣಕೈ ಮಡಚಿ ಮುಂಗೈಯನ್ನು ಹಿಂದಕ್ಕೆ ತಿರುಗಿಸ್ತಾರೆ. ಆಗ ಮತ್ತೆ ಜಾರುತ್ತೆ ಅನ್ನೋ ಭಯ ಬಂದರೆ ತಕ್ಷಣ ಹೇಳು, ಹಲ್ಲು ಕಚ್ಚಿ ಸಹಿಸಬೇಡ, ಪರೀಕ್ಷೆ ಇರೋದೇ ಆ ಭಯ ಬರುತ್ತಾ ನೋಡೋಕೆ. ಎಕ್ಸ್‌ರೇ ಜೊತೆಗೆ ಎಂಆರ್‌ಐ ಬೇಕಾ ಅಂತ ನೀನೇ ಕೇಳು. ಹದಿಹರೆಯದಲ್ಲಿ ಒಮ್ಮೆ ಜಾರಿದ ಭುಜ ಮೈಗೆ ಮೈ ತಾಗುವ ಆಟದಲ್ಲಿ ಮತ್ತೆ ಜಾರುವ ಸಂಭವ ತುಂಬ ಹೆಚ್ಚು. ಶಸ್ತ್ರಚಿಕಿತ್ಸೆಯೇ ಬೇಕು ಅಂತಾದರೆ ಮತ್ತೆ ಟ್ಯಾಕಲ್‌ಗೆ ಇಳಿಯೋಕೆ ಸುಮಾರು ಆರು ತಿಂಗಳು ಹಿಡಿ. ಈ ಫೆಬ್ರುವರಿಯ ಎಸ್‌ಜಿ ಬಾಲ್ ತಪ್ಪುತ್ತೆ, ಅದು ನಿಜ. ಆದರೆ ಅದು ಈಗ 19 ವರ್ಷದೊಳಗಿನವರ ಪಂದ್ಯಾವಳಿ, ನಿನಗಿನ್ನೂ ಒಂದು ವರ್ಷ ಇದೆ. ಅದಾದ ಮೇಲೆ 21ರೊಳಗಿನವರ ಜೆರ್ಸಿ ಫ್ಲೆಗ್ ಇದೆ.

ವಾಪಸ್ ಬಂದಾಗ ಮೊದಲ ತಿಂಗಳು ಮಂಡಿಯೂರಿ ಬರೀ ಬಲಗಡೆ ಟ್ಯಾಕಲ್ ಮಾಡು. ಮೊದಲು ಟ್ಯಾಕಲ್ ಬ್ಯಾಗ್, ಆಮೇಲೆ ನಡೆದು ಬರುವವನು, ಕೊನೆಗೆ ಓಡಿ ಬರುವವನು. ಯಾರಾದರೂ ಫೋನಿನಲ್ಲಿ ಹಿಂದಿನಿಂದ ವಿಡಿಯೋ ತೆಗೆಯಲಿ, ತಲೆ ಎಲ್ಲಿದೆ ಅನ್ನೋದು ಹಿಂದಿನಿಂದಲೇ ಚೆನ್ನಾಗಿ ಕಾಣೋದು.

ತಲೆಗೆ ಪೆಟ್ಟು ಬಿದ್ದರೆ ಅದನ್ನೂ ಮುಚ್ಚಿಡಬೇಡ. ಮಿದುಳಿಗೆ ಏಟಾಗಿದೆ (ಕನ್ಕಶನ್) ಅಂತಾದರೆ ಎನ್‌ಆರ್‌ಎಲ್ ಆಟಗಾರರಿಗೇ ಸಾಮಾನ್ಯವಾಗಿ 11 ದಿನ ಹೊರಗಿರೋ ನಿಯಮ ಇದೆ. ನಿನ್ನ ವಯಸ್ಸಿನವರಿಗೆ ಆಸ್ಟ್ರೇಲಿಯಾದ ಮಾರ್ಗಸೂಚಿ ಇನ್ನೂ ಬಿಗಿ: ಲಕ್ಷಣಗಳೆಲ್ಲ ಹೋದ ಮೇಲೆ 14 ದಿನ ಮೈಗೆ ಮೈ ತಾಗುವ ಅಭ್ಯಾಸ ಇಲ್ಲ, ಪೆಟ್ಟು ಬಿದ್ದ ದಿನದಿಂದ ಕನಿಷ್ಠ 21 ದಿನ ಪಂದ್ಯ ಇಲ್ಲ.

ಇನ್ನು ಆಟವೋ ಓದೋ ಅನ್ನೋ ಪ್ರಶ್ನೆ. ಅದನ್ನು ನಾನು ಒಪ್ಪಲ್ಲ. ಎಸ್‌ಜಿ ಬಾಲ್ ಫೆಬ್ರುವರಿಯಲ್ಲಿ ಶುರುವಾಗಿ ಮೇ ಹೊತ್ತಿಗೆ ಮುಗಿದಿರುತ್ತೆ, ಹನ್ನೆರಡನೇ ತರಗತಿಯ ಎಚ್‌ಎಸ್‌ಸಿ ಪರೀಕ್ಷೆ ಶುರುವಾಗೋದು ಅಕ್ಟೋಬರ್‌ನಲ್ಲಿ. ಟ್ರೈನಿಂಗ್ ಸಂಜೆ ಹೊತ್ತು. ಓದು ಬಿಟ್ಟರೆ ನಿನಗೆ ಸಿಗೋದು ಖಾಲಿ ಹಗಲು ಮಾತ್ರ. ಸಂಬಳ ತಗೊಂಡು ಪೂರ್ತಿ ಆಟವನ್ನೇ ಮಾಡೋದು ಎನ್‌ಆರ್‌ಎಲ್ ಸ್ಕ್ವಾಡ್ ಸೇರಿದ ಮೇಲೆ. ಒಂದು ಕ್ಲಬ್‌ಗೆ ಪ್ರಮುಖ ಪಟ್ಟಿಯಲ್ಲಿ 30 ಜನ, 17 ಕ್ಲಬ್ ಅಂದರೆ 510 ಜಾಗ. 2027ಕ್ಕೆ ಪರ್ತ್, 2028ಕ್ಕೆ ಪಪುವಾ ನ್ಯೂಗಿನಿ ತಂಡ ಸೇರಿದರೆ ಇನ್ನು 60. ಆ ಪಟ್ಟಿಯವರ ವರ್ಷದ ಕನಿಷ್ಠ ಸಂಬಳ 2023ರಲ್ಲಿ 1,20,000 ಡಾಲರ್ ಇತ್ತು, 2027ಕ್ಕೆ 1,50,000 ಆಗುತ್ತೆ. ಒಳ್ಳೆಯ ದುಡ್ಡು. ಅದರ ಕೆಳಗಿನ ಮೆಟ್ಟಿಲಲ್ಲಿ ಎಷ್ಟೋ ಹುಡುಗರು ಬೆಳಗ್ಗೆ ಕಟ್ಟಡದ ಕೆಲಸ ಮಾಡಿ ಸಂಜೆ ಟ್ರೈನಿಂಗ್‌ಗೆ ಬರ್ತಾರೆ. ಅಪ್ಪ ಅಮ್ಮನಿಗೆ ಎರಡು ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ತೋರಿಸು, ಆಟದ್ದೊಂದು, ಶಾಲೆಯದ್ದೊಂದು. ನಮ್ಮ ಮನೆಯಲ್ಲಿ ಮೂರು ವರ್ಷ ಜಗಳ ನಡೀತು, ಯಾರೂ ತಾರೀಖು ನೋಡಿರಲಿಲ್ಲ.

ಮುಂದಿನ ಟ್ರೈನಿಂಗ್‌ಗೆ ಇಪ್ಪತ್ತು ನಿಮಿಷ ಮುಂಚೆ ಹೋಗು, ಹುಡುಗರು ಬರೋ ಮುಂಚೆ ಫಿಸಿಯೋ ಒಬ್ಬರೇ ಸಿಗ್ತಾರೆ. ಟೇಪ್ ಮನೆಯಲ್ಲೇ ಬಿಟ್ಟು ಹೋಗು.