ಕಣ್ಸನ್ನೆಗೆ ಮಷೀನು ಓಡ್ತದಾ?

ಪ್ರಶ್ನೆ: ಮಗಳು ಐಟಿಐ ಮುಗಿಸಿ ಹುಬ್ಬಳ್ಳಿ ಕಡೆ ಟ್ರೇನಿಂಗಿಗೆ ಸೇರಿದ್ದಾಳೆ. ತಲೆಗೆ ವಿಆರ್ ಹೆಡ್‌ಸೆಟ್ ಹಾಕಿ, ಎದುರಿಗೆ ಇಲ್ಲದ ಲೇತ್ ಮಷೀನನ್ನ (ಲೋಹದ ತುಂಡನ್ನ ತಿರುಗಿಸ್ತಾ ಕಡೆಯೋ ಮಷೀನು) ಕಣ್ಣಲ್ಲೇ ನಡೆಸೋದಂತೆ. ಬಟನ್ ನೋಡಿದ್ರೆ ಸಾಕು, ಒತ್ತಿದ ಹಾಗಂತೆ. ಇವಳಿಗೆ ಬೇಡದ್ದೆಲ್ಲ ಒತ್ತಿ ಹೋಗ್ತದೆ, ಸಂಜೆಗೆ ಕಣ್ಣು ಉರಿ. ತಪ್ಪು ಯಾರದ್ದು?
– ಓದುಗರೊಬ್ಬರು, ಶಿರಸಿ

ಉತ್ತರ: ಮಗಳದ್ದಂತೂ ಅಲ್ಲ, ಮೊದಲು ಅವಳಿಗೆ ಅದನ್ನ ಹೇಳಿ.

ಹೆಡ್‌ಸೆಟ್ ಒಳಗೆ ನಮಗೆ ಕಾಣದ ಇನ್ಫ್ರಾರೆಡ್ ಬೆಳಕು ಬಿಡೋ ಸಣ್ಣ ಎಲ್‌ಇಡಿಗಳಿರ್ತಾವೆ, ಆ ಬೆಳಕು ಕಣ್ಣಿನ ಮೇಲ್ಪದರದಲ್ಲಿ ಚುಕ್ಕಿ ಹಾಗೆ ಹೊಳೀತದೆ, ಕಣ್ಣು ತಿರುಗಿದಾಗ ಪಾಪೆ ಸರೀತದೆ ಆದ್ರೆ ಚುಕ್ಕಿ ಅಷ್ಟು ಸರಿಯೋದಿಲ್ಲ, ಇವೆರಡರ ನಡುವಿನ ಅಂತರ ನೋಡಿ ನೀವು ಎಲ್ಲಿ ನೋಡ್ತಾ ಇದ್ದೀರಿ ಅಂತ ಕ್ಯಾಮೆರಾ ಲೆಕ್ಕ ಹಾಕ್ತದೆ. ಲೆಕ್ಕ ಚೆನ್ನಾಗೇ ಇರ್ತದೆ, ಆದ್ರೂ 1 ಡಿಗ್ರಿ ತಪ್ಪಿದ್ರೆ 1 ಮೀಟರ್ ದೂರದಲ್ಲಿ ಸುಮಾರು 1.7 ಸೆಂ.ಮೀ. ಆಚೀಚೆ. ಒತ್ತೊತ್ತಾಗಿ ಸಣ್ಣ ಬಟನ್ ಇಟ್ರೆ ಪಕ್ಕದ್ದು ಒತ್ತಿ ಹೋಗದೆ ಇರ್ತದಾ?

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕಣ್ಣು ಸೆಕೆಂಡಿಗೆ ಸುಮಾರು 3 ಸಲ ಜಿಗೀತಾ ಇರ್ತದೆ, ನಾವು ಹೇಳಿ ಜಿಗಿಸೋದಲ್ಲ. ನೋಡಿದ್ದೆಲ್ಲ ಆಜ್ಞೆ ಆದ್ರೆ ನೋಡೋದೇ ಕಷ್ಟ. ಇಂಜಿನಿಯರ್‌ಗಳು ಇದಕ್ಕೆ ಮಿಡಾಸ್ ಟಚ್ ಅಂತಾರೆ, ಮುಟ್ಟಿದ್ದೆಲ್ಲ ಚಿನ್ನ ಆಗ್ತಿದ್ದ ಗ್ರೀಕ್ ಕಥೆಯ ರಾಜನ ಹೆಸರು ಅದು, ಯಾಣದ ಬಂಡೆ ನೋಡಿ ಬೆಳೆದ ನಮಗೆ ಭಸ್ಮಾಸುರ ಅಂದ್ರೆ ತಟ್ಟನೆ ಗೊತ್ತಾಗ್ತದೆ, ಯಾರ ತಲೆ ಮೇಲೆ ಕೈ ಇಟ್ರೂ ಬೂದಿ. ಪರಿಹಾರ ಅಂತ ಬಟನನ್ನ ಅರ್ಧದಿಂದ ಒಂದು ಸೆಕೆಂಡ್ ದಿಟ್ಟಿಸಿದ್ರೆ ಮಾತ್ರ ಒತ್ತೋ ಹಾಗೆ ಇಡ್ತಾರೆ, ಆದ್ರೆ ದಿನವಿಡೀ ದಿಟ್ಟಿಸ್ತಾ ಕೂತ್ರೆ ರೆಪ್ಪೆ ಬಡಿಯೋದು ಕಮ್ಮಿಯಾಗಿ ಕಣ್ಣು ಒಣಗ್ತದೆ, ಮಗಳ ಉರಿಗೆ ಅದೂ ಒಂದು ಕಾರಣ ಇರಬಹುದು. ನಡುನಡುವೆ ಹೆಡ್‌ಸೆಟ್ ತೆಗೆದು ದೂರ ನೋಡ್ಲಿ, ಆದ್ರೂ ಹೋಗದಿದ್ರೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ನನಗೆ ಸರಿ ಕಾಣೋದು ಬೇರೆ ದಾರಿ. ಯಾವುದು ಅಂತ ಕಣ್ಣು ತೋರಿಸ್ಲಿ, ಒತ್ತೋ ಕೆಲಸ ಕೈದೇ ಇರ್ಲಿ. 2024ರಲ್ಲಿ ಬಂದ ಆಪಲ್ ವಿಷನ್ ಪ್ರೋ ಹೆಡ್‌ಸೆಟ್‌ನಲ್ಲಿ ಹಾಗೇ ಇದೆ, ನೋಡಿ ಎರಡು ಬೆರಳು ಕೂಡಿಸಿದ್ರೆ ಆಯ್ತು. ಸ್ಪಿಂಡಲ್ (ಲೇತಿನ ತಿರುಗೋ ದಂಡ) ಸ್ಟಾರ್ಟ್, ಎಮರ್ಜೆನ್ಸಿ ಸ್ಟಾಪ್ ಇಂಥವನ್ನಂತೂ ಕಣ್ಣಿಗೆ ಬಿಡಲೇಬಾರದು, ಸುಳ್ಳು ಮಷೀನಿನಲ್ಲಿ ಕಲಿತ ಅಭ್ಯಾಸವೇ ನಾಳೆ ಲೋಹದ ತುಂಡನ್ನ ಕಚ್ಚಿ ಹಿಡಿದು ತಿರುಗೋ ನಿಜವಾದ ಚಕ್ ಎದುರಿಗೂ ಬರೋದು.

ಹಾಗಂತ ಈ ಕಲಿಕೆ ದಂಡ ಅನ್ಬೇಡಿ. ಅಡಿಕೆ ಸುಲಿಯೋರನ್ನ ಹತ್ರ ಕೂತು ನೋಡಿ, ಮೆಟ್ಟುಗತ್ತಿ ಮೇಲಿನ ಅಡಿಕೆಯ ಸಿಪ್ಪೆ ಪೂರ್ತಿ ಬಿಡೋ ಮೊದಲೇ ಪಳಗಿದವರ ಕಣ್ಣು ಬುಟ್ಟಿಯಲ್ಲಿನ ಮುಂದಿನ ಅಡಿಕೆಗೆ ಹೋಗಿರ್ತದೆ, ಹೊಸಬರ ಕಣ್ಣು ಬೆರಳು ಬಿಟ್ಟು ಏಳೋದಿಲ್ಲ. ಇಂಗ್ಲೆಂಡಿನ ಮೈಕೆಲ್ ಲ್ಯಾಂಡ್ ಮತ್ತವರ ಜೊತೆಯವರು 1999ರಲ್ಲಿ ಚಾ ಮಾಡೋರ ಕಣ್ಣನ್ನ ಹೀಗೇ ಅಳೆದಿದ್ರು, ಕೈಗಿಂತ ಕಣ್ಣು ಸುಮಾರು ಅರ್ಧ ಸೆಕೆಂಡ್ ಮುಂದೆ ಇತ್ತು. ಮಗಳ ಕಣ್ಣು ಲೇತ್ ಮೇಲೆ ಎಲ್ಲೆಲ್ಲಿ ಓಡಾಡಿತು ಅನ್ನೋದನ್ನ ಹೆಡ್‌ಸೆಟ್‌ನಿಂದ ರೆಕಾರ್ಡ್ ಮಾಡೋಕಾಗ್ತದೆ. ಚಕ್ ಬಿಗಿಯೋ ಕೀ ತೆಗೆದಿದೆಯಾ ಅಂತ ನೋಡದೇ ಸ್ಟಾರ್ಟ್ ಕೊಟ್ಲಾ, ಮೇಷ್ಟ್ರಿಗೆ ಅದು ಕಾಣ್ತದೆ. ಆ ರೆಕಾರ್ಡ್ ಹಾಕಿ ತೋರಿಸಿ ಅಂತ ಮಗಳು ಕೇಳ್ಲಿ, ಕೇಳೋಕೆ ನಾಚಿಕೆ ಬೇಡ.

ಪ್ರಶ್ನೆ: ಕಾಡಿಗೆ ಹಚ್ಚಿದ್ರೆ ಇಂಥ ಹೆಡ್‌ಸೆಟ್ ಕಣ್ಣನ್ನ ಸರಿಯಾಗಿ ಹಿಡಿಯೋದಿಲ್ಲ ಅಂತಾರೆ, ಹೌದಾ? ಕನ್ನಡಕ ಇದ್ರೆ?
– ವಿದ್ಯಾರ್ಥಿನಿ, ಕಾರವಾರ

ಉತ್ತರ: ಹೌದು, ಆಗ್ತದೆ. ಸಾಫ್ಟ್‌ವೇರ್ ಹುಡುಕೋದು ಕಪ್ಪು ಪಾಪೆಯನ್ನ, ದಟ್ಟ ಕಾಡಿಗೆ ಮಸ್ಕಾರಾನೂ ಕಪ್ಪೇ ಕಂಡ್ರೆ ಗೊಂದಲ ಆಗ್ತದೆ. ಕನ್ನಡಕದ ಗಾಜಲ್ಲೂ ಎಲ್‌ಇಡಿ ಹೊಳೆದು ಕೆಲವೊಮ್ಮೆ ತಪ್ಪು ಚುಕ್ಕಿ ಸಿಗ್ತದೆ. ಶುರುವಿನಲ್ಲಿ ಪರದೆ ಮೇಲಿನ ಚುಕ್ಕಿ ನೋಡಿಸಿ ಕ್ಯಾಲಿಬ್ರೇಶನ್ (ನಿಮ್ಮ ಕಣ್ಣಿಗೆ ಹೊಂದಿಸೋದು) ಮಾಡಿಸ್ತಾರಲ್ಲ, ಅದನ್ನ ಕನ್ನಡಕ ಹಾಕ್ಕೊಂಡೇ ಮಾಡಿ, ಹೆಡ್‌ಸೆಟ್ ಜಾರಿದ್ರೆ ಅಥವಾ ನಿಮ್ಮ ನಂತರ ಬೇರೆಯವರು ಹಾಕ್ಕೊಂಡ್ರೆ ಮತ್ತೆ ಮಾಡಿ.